ಏಳನೇ ನಂಬರಿನ ರಸ್ತೆ

ನಮ್ಮಪ್ಪ ಅದನ್ನು ‘ಏಳನೇ ನಂಬರು’ ಎನ್ನುತ್ತಿದ್ದರು. ಊರುಗಳ ಹೆಸರು ಅವರ ಬಾಯಲ್ಲಿ ಬರುತ್ತಿದ್ದುದು ಕಡಿಮೆ. “ಏಳನೇ ನಂಬರಿಗೆ ಬಿದ್ದರೆ ಆಯ್ತು, ಆಮೇಲೆ ಗಾಡಿ ತಾನೇ ದಾರಿ ನೋಡ್ಕೊಂಡು ಹೋಗ್ತದೆ” ಎನ್ನುವುದು ಅವರ ಮಾತು. ಚನ್ನಗಿರಿಯ ಅಡಿಕೆ ಮಂಡಿಯೊಂದರ ಲಾರಿಗೆ ಅವರು ಇಪ್ಪತ್ತೆಂಟು ವರ್ಷ ಡ್ರೈವರಾಗಿದ್ದರು. ಚಿತ್ರದುರ್ಗ, ಬಳ್ಳಾರಿ ಹಿಡಿದು ಕರ್ನೂಲಿನಲ್ಲಿ ರಾಷ್ಟ್ರೀಯ ಹೆದ್ದಾರಿ 7ಕ್ಕೆ ಸೇರಿದರೆ ಮುಂದೆ ಹೈದರಾಬಾದು, ನಾಗಪುರ, ಜಬಲ್ಪುರ, ರೀವಾ. ಅಲಹಾಬಾದಿನಲ್ಲಿ ಅರ್ಧ ಲೋಡು ಇಳಿಸಿ, ಉಳಿದರ್ಧ ಕಾನ್ಪುರಕ್ಕೆ. ಕಾಶಿಯಿಂದ ಕನ್ಯಾಕುಮಾರಿಯವರೆಗೆ 2,369 ಕಿಲೋಮೀಟರ್ ಇದ್ದ ಆ ರಸ್ತೆ ಆ ಕಾಲಕ್ಕೆ ದೇಶದ ಅತಿ ಉದ್ದದ ಹೆದ್ದಾರಿ. ನಮ್ಮ ಬೆಂಗಳೂರೂ ಅದರ ಮೇಲೆಯೇ ಇತ್ತು. 2010ರಲ್ಲಿ ಹೆದ್ದಾರಿಗಳ ನಂಬರುಗಳನ್ನೆಲ್ಲ ಬದಲಾಯಿಸಿದಾಗ ಏಳನೇ ನಂಬರು ತುಂಡಾಯಿತು. ದೊಡ್ಡ ತುಂಡು 44 ಆಯಿತು, ಮಿಕ್ಕವಕ್ಕೆ ಬೇರೆ ಬೇರೆ ಅಂಕಿಗಳು ಬಂದವು. ಅಪ್ಪ ಆಗ ಲಾರಿ ಬಿಟ್ಟು ಒಂಬತ್ತು ವರ್ಷವಾಗಿತ್ತು. ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ನಾನು ಓದಿ ಹೇಳಿದರೆ, “ಕಲ್ಲಿನ ಮೇಲಿನ ಬಣ್ಣ ಬದಲಾಯಿಸಬಹುದು, ರಸ್ತೆ ಬದಲಾಗ್ತದೇನು?” ಎಂದು ನಕ್ಕಿದ್ದರು.

ಅಪ್ಪ ತೀರಿಹೋಗಿದ್ದು 2016ರಲ್ಲಿ. ಅವರ ಟ್ರಂಕಿನಲ್ಲಿ ಸಿಕ್ಕಿದ್ದು ಎರಡು ಖಾಕಿ ಅಂಗಿ, ಲೈಸೆನ್ಸು, ಅಂಗೈ ಅಗಲದ ಒಂದು ಪಾಕೀಟು ಪುಸ್ತಕ. ಆ ಪುಸ್ತಕವನ್ನು ನಾನು ನಮ್ಮ ಶಾಲೆಯ ಎಷ್ಟೋ ಪಠ್ಯಪುಸ್ತಕಗಳಿಗಿಂತ ಹೆಚ್ಚು ಗಮನವಿಟ್ಟು ಓದಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರ ದಪ್ಪ ದಪ್ಪ ಕನ್ನಡ ಅಕ್ಷರ. ಎಲ್ಲಿ ಡೀಸೆಲ್ಲು, ಎಲ್ಲಿ ಚೆಕ್‌ಪೋಸ್ಟು, ಯಾವ ಸೇತುವೆ ಮಳೆಗಾಲದಲ್ಲಿ ಮುಳುಗುತ್ತದೆ, ಎಲ್ಲಿ ನೀರು ಸಿಹಿ, ಎಲ್ಲಿ ಉಪ್ಪು. “ಆಲದಮರ ಎರಡು ಜೋಡಿ, ದಾಟಿ ಬಲಕ್ಕೆ.” “ಹನುಮಪ್ಪನ ಗುಡಿ, ಇಲ್ಲಿ ರಾತ್ರಿ ನಿಲ್ಲಬಾರದು.” ಇದು ಅವರ ನಕ್ಷೆ.

ನಾನು ಇತಿಹಾಸ ಕಲಿಸುವವಳು. ಇಂಥದೇ ಇನ್ನೊಂದು ಪುಸ್ತಕವನ್ನು ಆಮೇಲೆ ಓದಿದಾಗ ಆಶ್ಚರ್ಯವಾಯಿತು. ಏನುಗುಲ ವೀರಸ್ವಾಮಿ ಎಂಬುವರು ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದರು. 1830ರ ಮೇ ತಿಂಗಳಲ್ಲಿ ಅವರು ದೊಡ್ಡ ಪರಿವಾರದೊಂದಿಗೆ ಕಾಶಿಗೆ ಹೊರಟರು. ತಿರುಪತಿ, ಕಡಪ, ಹೈದರಾಬಾದು, ನಾಗಪುರ, ಜಬಲ್ಪುರ, ಪ್ರಯಾಗ, ಕಾಶಿ. ಮರಳಿ ಮದರಾಸು ಮುಟ್ಟಿದ್ದು 1831ರ ಸೆಪ್ಟೆಂಬರಿನಲ್ಲಿ, ಅಂದರೆ ಹದಿನೈದು ತಿಂಗಳ ಮೇಲೆ. ದಾರಿಯುದ್ದಕ್ಕೂ ಮದರಾಸಿನ ಗೆಳೆಯರೊಬ್ಬರಿಗೆ ತೆಲುಗಿನಲ್ಲಿ ಪತ್ರ ಬರೆಯುತ್ತ ಹೋದರು. ಅವು 1838ರಲ್ಲಿ ‘ಕಾಶೀಯಾತ್ರಾ ಚರಿತ್ರ’ ಎಂದು ಅಚ್ಚಾದವು. ಇಂಗ್ಲಿಷ್ ಅನುವಾದದಲ್ಲಿ ಅದನ್ನು ಓದುವಾಗ ನನಗೆ ಅಪ್ಪನ ಪುಸ್ತಕವೇ ನೆನಪಾಗುತ್ತಿತ್ತು. ಈ ಮಜಲಿನಿಂದ ಆ ಮಜಲಿಗೆ ಎಷ್ಟು ದೂರ, ಬಿಡಾರಕ್ಕೆ ಜಾಗವಿದೆಯೇ, ಅಂಗಡಿ ಇದೆಯೇ, ನೀರು ಹೇಗಿದೆ! ನಾಗಪುರದಿಂದ ಮುಂದೆ ಇಬ್ಬರ ದಾರಿಯೂ ಹೆಚ್ಚು ಕಡಿಮೆ ಒಂದೇ. ನೂರೈವತ್ತು ವರ್ಷಗಳ ಅಂತರದಲ್ಲಿ ಪಲ್ಲಕ್ಕಿ ಹೋಗಿ ಲಾರಿ ಬಂದಿತ್ತು. ದಾರಿಹೋಕನಿಗೆ ಬೇಕಾದ ಸಂಗತಿಗಳು ಮಾತ್ರ ಅವೇ ಇದ್ದವು.

ನಮ್ಮ ಕಡೆ ಹಿಂದೆ ದೂರವನ್ನು ಹರದಾರಿಯಲ್ಲಿ ಎಣಿಸುತ್ತಿದ್ದರು. ಒಂದು ಹರದಾರಿ ಎಂದರೆ ಮೂರು ಮೈಲಿಯ ಆಜುಬಾಜು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ನಮ್ಮ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ದಿನಚರಿಯಲ್ಲಿ ಈ ಹರದಾರಿಯ ಲೆಕ್ಕಕ್ಕೆ ತಿಣುಕಿದ್ದಾನೆ. ಒಂದೂರಿನ ಹರದಾರಿ ಇನ್ನೊಂದೂರಿನಲ್ಲಿ ಉದ್ದವಾಗುತ್ತಿತ್ತು, ಪಾಪ! ಹರದಾರಿಗಿಂತ ಚಿಕ್ಕ ದೂರಕ್ಕೆ ನಮ್ಮಲ್ಲಿ ಇನ್ನೊಂದು ಮಾತಿದೆ, ಕೂಗಳತೆ. ಕೂಗಿದರೆ ಕೇಳಿಸುವಷ್ಟು ದೂರ. ನನಗೆ ಈ ಮಾತು ಬಹಳ ಇಷ್ಟ. ಎಲ್ಲಿದ್ದಾನೆ ಎನ್ನುವುದನ್ನೂ ಕರೆದರೆ ಓಗೊಡುತ್ತಾನೆಯೇ ಎನ್ನುವುದನ್ನೂ ಅದು ಒಂದೇ ಅಳತೆಯಲ್ಲಿ ಹೇಳಿಬಿಡುತ್ತದೆ. ಕೂಗಳತೆ ದಾಟಿದವನ ಕಥೆ ಬೇರೆ. ಅವನ ಸುದ್ದಿಗೆ ಅಂಚೆ ಬೇಕು.

ಮೈಸೂರು ಸೀಮೆಗೆ ಅಂಚೆಯ ಏರ್ಪಾಟು ಮಾಡಿದವರು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು. ಆ ಅಂಚೆಯವರು ಕಾಗದ ಸಾಗಿಸುವುದರ ಜೊತೆಗೆ ಊರೂರಿನ ಸಮಾಚಾರವನ್ನೂ ರಾಜನ ಕಿವಿಗೆ ಮುಟ್ಟಿಸುತ್ತಿದ್ದರಂತೆ. ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಕೂತಲ್ಲೇ ತಿಳಿಯುವ ಆಸೆ ಇವತ್ತಿನದೇನಲ್ಲ ನೋಡಿ. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ನನ್ನ ಬಾಲ್ಯದ ಹೊತ್ತಿಗೆ ಅದೆಲ್ಲ ಇಳಿದು ಹದಿನೈದು ಪೈಸೆಯ ಒಂದು ಕಾರ್ಡಾಗಿತ್ತು. ಅಪ್ಪ ಪ್ರತಿ ಟ್ರಿಪ್ಪಿನಲ್ಲೂ ನಾಗಪುರ ಮುಟ್ಟಿದ ದಿನ ಒಂದು ಕಾರ್ಡು ಹಾಕುತ್ತಿದ್ದರು. “ನಾಗಪುರಕ್ಕೆ ಸುಕ್ಷೇಮವಾಗಿ ಬಂದಿದ್ದೇನೆ. ನೀವೆಲ್ಲ ಕ್ಷೇಮವಷ್ಟೆ. ಎಮ್ಮೆಗೆ ಹಿಂಡಿ ತರಿಸುವುದು.” ಪ್ರತಿ ಸಲವೂ ಇವೇ ಮೂರು ವಾಕ್ಯ. ಅವ್ವನಿಗೆ ಓದು ಬರುತ್ತಿರಲಿಲ್ಲ. ನಾನು ಓದಿ ಹೇಳಬೇಕಿತ್ತು. ಓದುವ ಮೊದಲು ಅವಳು ಕೇಳುತ್ತಿದ್ದುದು ಒಂದೇ: “ಮುದ್ರೆ ಯಾವ ತಾರೀಖಿಂದು?”

1984ರ ದೀಪಾವಳಿ ಅಕ್ಟೋಬರ್ 24ಕ್ಕೆ ಬಂದಿತ್ತು. ಬಲಿಪಾಡ್ಯಮಿ ಮುಗಿಸಿ 26ರ ಶುಕ್ರವಾರ ಅಪ್ಪ ಲೋಡು ಹಾಕಿಕೊಂಡು ಹೊರಟರು. ನಾನಾಗ ಒಂಬತ್ತನೆಯ ತರಗತಿ. 31ರ ಬುಧವಾರ ಸಂಜೆ ಆಕಾಶವಾಣಿ ಇಂದಿರಾಗಾಂಧಿಯವರ ಹತ್ಯೆಯ ಸುದ್ದಿ ಹೇಳಿತು. ಊರಿನಲ್ಲಿ ಅಂಗಡಿಗಳು ಪಟಪಟನೆ ಬಾಗಿಲು ಹಾಕಿದವು, ಶಾಲೆಗೆ ರಜೆ ಬಂತು. ಎರಡು ದಿನ ಕಳೆದ ಮೇಲೆ ಉತ್ತರದ ಗಲಭೆಗಳ ಸುದ್ದಿ ಒಂದೊಂದಾಗಿ ಬರತೊಡಗಿತು. ದೆಹಲಿಯಲ್ಲಿ ಸಿಖ್ಖರ ಮನೆಗಳಿಗೆ ಬೆಂಕಿ, ಲಾರಿಗಳಿಗೆ ಬೆಂಕಿ. ಕಾನ್ಪುರದಲ್ಲೂ ಗಲಭೆ. ದೆಹಲಿಯ ಹೊರಗೆ ಅತಿ ಹೆಚ್ಚು ಸಿಖ್ಖರು ಸತ್ತ ಊರುಗಳಲ್ಲಿ ಕಾನ್ಪುರ ಒಂದೆನ್ನುವುದು ಆಮೇಲೆ ತಿಳಿದದ್ದು.

ಅಪ್ಪ ಸಿಖ್ಖರಲ್ಲ, ಸರಿ. ಆದರೆ ಆ ಲಾರಿಯನ್ನು ಮಂಡಿ ಸಾಹುಕಾರರು ನಾಗಪುರದ ಸರ್ದಾರ್ಜಿಯೊಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಅದರ ಹಣೆಯ ಮೇಲೆ ಸಿಖ್ಖರ ಖಂಡಾ ಚಿಹ್ನೆ, ಅದರ ಕೆಳಗೆ ಪಂಜಾಬಿ ಅಕ್ಷರಗಳು ಹಾಗೇ ಇದ್ದವು. “ದೇವರ ಗುರುತು, ಯಾರ ದೇವರಾದರೇನು” ಎಂದು ಅಪ್ಪ ಅದನ್ನು ಅಳಿಸಿರಲಿಲ್ಲ. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಹಚ್ಚುತ್ತಿದ್ದಳು ಅವ್ವ. ಈಗ ಅವಳಿಗೆ ಕಣ್ಣಿಗೆ ಕಟ್ಟಿದ್ದು ಅದೇ.

ಅವ್ವ ನನ್ನನ್ನು ಕರೆದುಕೊಂಡು ಮಂಡಿಗೆ ಹೋದಳು. ಸಾಹುಕಾರರು ಅಲಹಾಬಾದಿನ ವ್ಯಾಪಾರಿಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದರು. ಇಂದಿನ ಮಕ್ಕಳಿಗೆ ಟ್ರಂಕ್ ಕಾಲ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗುತ್ತದೆ. ಎಕ್ಸ್‌ಚೇಂಜಿಗೆ ನಂಬರು ಕೊಟ್ಟು ಕಾಯಬೇಕು. ನಮ್ಮೂರಿನವರು ಶಿವಮೊಗ್ಗವನ್ನು ಹಿಡಿಯಬೇಕು, ಶಿವಮೊಗ್ಗದವರು ಬೆಂಗಳೂರನ್ನು, ಹೀಗೆ ಕೈಯಿಂದ ಕೈಗೆ ಎಳೆ ಜೋಡಿಸುತ್ತ ಹೋಗಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಲೈಟ್ನಿಂಗಿಗೆ ಹಲವು ಪಟ್ಟು ಹಣ. ಸಾಹುಕಾರರು ಅದನ್ನೂ ಮಾಡಿದರು, ಸುಳ್ಳು ಹೇಳಬಾರದು. ಅಷ್ಟೊಂದು ಅಡಿಕೆ ಅವರದೂ ಇತ್ತಲ್ಲ. ಸಂಜೆಯವರೆಗೆ ನಾವು ಚೀಲಗಳ ಮೇಲೆ ಕೂತಿದ್ದೆವು. “ಲೈನ್ ಇಲ್ಲ” ಎಂದು ಮೂರು ಸಲ ಹೇಳಿ, ನಾಲ್ಕನೆಯ ಸಲ ಎಕ್ಸ್‌ಚೇಂಜಿನವರು ತಾವೇ ಕಾಲ್ ರದ್ದು ಮಾಡಿದರು.

ನವೆಂಬರ್ 5ರಂದು ನಾಗಪುರದ ಕಾರ್ಡು ಬಂತು. ಮುದ್ರೆ 29ರದು. ಸುಕ್ಷೇಮವಾಗಿ ಬಂದಿದ್ದೇನೆ. ಅವ್ವ ಬೆರಳು ಮಡಿಸಿ ಎಣಿಸಿದಳು. ಇದು ಇಂದಿರಾಗಾಂಧಿ ಸಾಯುವುದಕ್ಕೆ ಎರಡು ದಿನ ಹಿಂದಿನ ಕ್ಷೇಮ. ಕಾರ್ಡನ್ನು ಗೂಡಿನಲ್ಲಿಟ್ಟಳು. ಮತ್ತೆ ಓದು ಎಂದು ಕೇಳಲಿಲ್ಲ.

9ರಂದು ಮಂಡಿಗೆ ಅಲಹಾಬಾದಿನಿಂದ ತಂತಿ ಬಂತು: ಸರಕು ಸುರಕ್ಷಿತವಾಗಿ ತಲುಪಿದೆ. ಅಷ್ಟೇ. ಡ್ರೈವರನ ಮಾತಿಲ್ಲ. ತಂತಿಯಲ್ಲಿ ಪದಕ್ಕಿಷ್ಟು ದುಡ್ಡು. ವ್ಯಾಪಾರಿಗೆ ಬೇಕಾದ ಪದಗಳು ಮುಗಿದಿದ್ದವು. ನನಗೆ ಅಳು ಬಂತು. ಅವ್ವ ಮಾತ್ರ, “ಲಾರಿ ತಾನಾಗಿ ನಡ್ಕೊಂಡು ಹೋಗ್ತದೇನೇ?” ಎಂದು ಆ ದಿನ ಹೋಳಿಗೆಗೆ ಬೇಳೆ ಹಾಕಿದಳು. ಅಪ್ಪ ಮನೆಗೆ ಬಂದದ್ದು ಮತ್ತೂ ಹತ್ತು ದಿನದ ಮೇಲೆ.

ಆಗಿದ್ದಿಷ್ಟು. ಜಬಲ್ಪುರ ದಾಟಿ ಸಿಹೋರಾ ಎಂಬ ಊರಿನ ಹತ್ತಿರ ಅವರು ಯಾವಾಗಲೂ ಊಟಕ್ಕೆ ನಿಲ್ಲುತ್ತಿದ್ದ ಒಂದು ಢಾಬಾ ಇತ್ತು, ಒಬ್ಬ ಮುದುಕ ಸರ್ದಾರ್ಜಿಯದು. 31ರ ರಾತ್ರಿ ಅಲ್ಲಿ ಮುಟ್ಟಿದಾಗ ಢಾಬಾ ಮುಚ್ಚಿತ್ತು. “ಮಂಚಗಳು ಹೊರಗೇ ಇದ್ದವು. ಒಲೆ ಆರಿತ್ತು.” ಅಪ್ಪ ಇದರ ಬಗ್ಗೆ ಹೇಳಿದ್ದು ಈ ಎರಡು ಮಾತು. ಮುಂದಿನ ಊರುಗಳಲ್ಲಿ ಕರ್ಫ್ಯೂ ಎಂದು ಕೇಳಿ, ಬೇಳೆ ಮಿಲ್ಲೊಂದರ ಹಿಂದೆ ಇತರ ಲಾರಿಗಳ ಜೊತೆ ಒಂದು ವಾರ ನಿಂತರು. ಮೊದಲ ರಾತ್ರಿಯೇ ಗ್ರೀಸಿಗೆ ಮಸಿ ಕಲಸಿ ಲಾರಿಯ ಹಣೆಗೆ ಬಳಿದರು. ಮರುವರ್ಷದ ಹೊತ್ತಿಗೆ ಆ ಢಾಬಾದ ಜಾಗದಲ್ಲಿ ಬೇರೆ ಯಾರದೋ ಬೋರ್ಡು ಬಂದಿತ್ತಂತೆ. ಅವರ ಪುಸ್ತಕದಲ್ಲಿ ಒಂದು ಸಾಲು ಈಗಲೂ ಇದೆ: “ಸಿಯೋರ ಸರದಾರಜಿ 12 ರೂ. ಕೊಡಬೇಕು.” ಕೊಟ್ಟ ಬಾಕಿಗಳನ್ನೆಲ್ಲ ಅಪ್ಪ ಅಡ್ಡಗೆರೆ ಎಳೆದು ಹೊಡೆದಿದ್ದಾರೆ. ಇದಕ್ಕೆ ಗೆರೆ ಇಲ್ಲ.

ಅದೇ 1984ರಲ್ಲಿ, ಕೆಲವು ತಿಂಗಳ ಹಿಂದೆಯಷ್ಟೇ, ದೇಶದ ದೂರವಾಣಿ ಎಕ್ಸ್‌ಚೇಂಜುಗಳನ್ನು ನಾವೇ ತಯಾರಿಸಬೇಕೆಂದು ಸಿ-ಡಾಟ್ ಎಂಬ ಸಂಸ್ಥೆ ಹುಟ್ಟಿತ್ತು. ಅದರ ಫಲವನ್ನು ನಮ್ಮಂಥವರು ಉಂಡದ್ದು ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳ ರೂಪದಲ್ಲಿ. ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರು, ರಾತ್ರಿ ತಡವಾದಷ್ಟೂ ಕಡಿಮೆ ದರ. 1996ರಲ್ಲಿ ನಮ್ಮ ಮನೆಗೂ ಫೋನು ಬಂತು. ಅಪ್ಪ ಅದಕ್ಕೊಂದು ಭಾಷೆ ಮಾಡಿದ್ದರು. ಎರಡು ಸಲ ರಿಂಗಾಗಿ ನಿಂತರೆ ನಾಗಪುರ. ಮೂರು ಸಲವಾದರೆ ಲೋಡು ಇಳಿಯಿತು. ನಿಲ್ಲದೆ ಹೊಡೆದರೆ ಮಾತ್ರ ಎತ್ತಬೇಕು. ಎತ್ತದ ಫೋನಿಗೆ ಮೀಟರು ಓಡುವುದಿಲ್ಲವಲ್ಲ! ಬೂತಿನವನು ಗೊಣಗಿದರೆ ಅವನ ಕೈಗೆ ಒಂದು ರೂಪಾಯಿ. ನಾಲ್ಕನೇ ಇಯತ್ತೆಯ ನಮ್ಮಪ್ಪ ತಂತಿ ಇಲಾಖೆಗಿಂತ ಅಗ್ಗದ ತಂತಿ ಭಾಷೆ ಕಟ್ಟಿದ್ದರು. ನಿಜವಾದ ತಂತಿ 2013ರ ಜುಲೈನಲ್ಲಿ ದೇಶದಲ್ಲಿ ನಿಂತೇ ಹೋಯಿತು. ಆ ದಿನ ನಾನು ತರಗತಿಯಲ್ಲಿ ಅಲಹಾಬಾದಿನ ಆ ತಂತಿಯ ಕಥೆ ಹೇಳಿದೆ. ಹೇಳಿ ಕೊನೆಗೆ, “ಆಗಿನವರಿಗೆ ಬಹಳ ತಾಳ್ಮೆ ಇತ್ತು ಮಕ್ಕಳೇ, ಹತ್ತು ಹತ್ತು ದಿನ ಸುದ್ದಿ ಇಲ್ಲದೆ ಇರುತ್ತಿದ್ದರು” ಎಂದೆ. ಮೇಷ್ಟ್ರ ಕೆಲಸದಲ್ಲಿ ಇಂಥ ಮಾತು ತಾನಾಗಿ ಬಾಯಿಗೆ ಬಂದುಬಿಡುತ್ತದೆ.

ಇನ್ನು 2025ರ ಫೆಬ್ರವರಿಯ ಕಥೆ. ಪ್ರಯಾಗದ ಮಹಾಕುಂಭಕ್ಕೆ ಹೋಗೋಣ ಎಂದವಳು ಮಗಳು. ಅವಳಿಗೆ ಭಕ್ತಿಗಿಂತ ಕಾರು ಓಡಿಸುವ ಹುಚ್ಚು ಹೆಚ್ಚು. ಅದು ಅಜ್ಜನಿಂದ ಬಂದದ್ದು, ನಾನೇನು ಮಾಡಲಿ? ನನ್ನ ಆಸೆ ಬೇರೆ. ಅಪ್ಪನ ಏಳನೇ ನಂಬರನ್ನು ಒಮ್ಮೆ ನೋಡಬೇಕಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿರುವಾಗ ರಜೆ ಕೇಳಿದ್ದಕ್ಕೆ ಮುಖ್ಯೋಪಾಧ್ಯಾಯರು ಗಂಗೆಯ ನೀರು ತಂದುಕೊಡಬೇಕೆಂಬ ಷರತ್ತಿನ ಮೇಲೆ ಎಂಟು ದಿನ ಕೊಟ್ಟರು. 7ರ ಶುಕ್ರವಾರ ಬೆಳಗಿನ ಜಾವ ಮಗಳು, ಅಳಿಯ, ನನ್ನ ಯಜಮಾನರು, ನಾನು ಬೆಂಗಳೂರು ಬಿಟ್ಟೆವು. ಅವ್ವ ಚನ್ನಗಿರಿಯಲ್ಲಿ ತಮ್ಮನ ಮನೆಯಲ್ಲಿದ್ದಳು. ಅವಳಿಗೆ ಎಪ್ಪತ್ತೆಂಟು. ತಮ್ಮನ ಮಗಳು ಅವಳ ಮೊಬೈಲಿನಲ್ಲಿ ವಾಟ್ಸಾಪ್ ತೆರೆದು, ನಮ್ಮ ಕಾರು ಹೋದಂತೆಲ್ಲ ನಕ್ಷೆಯ ಮೇಲೆ ಸರಿಯುವ ಚುಕ್ಕಿಯೊಂದನ್ನು ತೋರಿಸಿಕೊಟ್ಟಿದ್ದಳು. ಓದು ಬಾರದ ಅವ್ವನಿಗೆ ಇದು ಹೇಳಿ ಮಾಡಿಸಿದ ಕಾಗದ. ಎಂಟು ಗಂಟೆಗೊಮ್ಮೆ ನಾವು ಅದನ್ನು ಹೊಸದಾಗಿ ಕಳಿಸಬೇಕು, ಅಷ್ಟೇ. ಕರ್ನೂಲು ದಾಟುವಾಗ ಫೋನು ಬಂತು: “ಯಾಕ್ರೇ ನಿಂತಿದ್ದೀರಿ? ಊಟ ಮಾಡ್ತಿದ್ದೀರಾ?” ನಾವು ನಿಜವಾಗಿಯೂ ಊಟ ಮಾಡುತ್ತಿದ್ದೆವು.

ದಾರಿ ಹೇಳುವವಳು ಕಾರಿನ ಎದುರು ಸಿಕ್ಕಿಸಿದ ಫೋನಿನೊಳಗಿನ ಹೆಂಗಸು. “ಮುನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ.” ಅವಳ ಕನ್ನಡದಲ್ಲಿ ಊರುಗಳ ಹೆಸರು ಕೇಳಬಾರದು, ಅಷ್ಟು ಕಷ್ಟಪಡುತ್ತಾಳೆ. ನಾನು ಹಿಂದಿನ ಸೀಟಿನಲ್ಲಿ ಅಪ್ಪನ ಪುಸ್ತಕ ತೆರೆದು ತಾಳೆ ನೋಡುತ್ತಿದ್ದೆ. ಅಪ್ಪ ಹಿಂದಿ ಅಕ್ಷರ ಕಲಿತದ್ದು ಈ ರಸ್ತೆಯ ಕಲ್ಲುಗಳಿಂದ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳಲ್ಲಿ ಒಂದೊಂದರ ಮೇಲೆ ಒಂದೊಂದು ಲಿಪಿ ಇರುತ್ತದಲ್ಲ, ಬರುವ ಊರು ನಾಗಪುರ ಎಂದು ಗೊತ್ತಿದ್ದ ಮೇಲೆ ಮೊದಲ ಅಕ್ಷರ ‘ನಾ’ ಇರಲೇಬೇಕು, ಮುಂದಿನದು ‘ಗ’. ಜಬಲ್ಪುರದಲ್ಲೂ ಅದೇ ‘ಪುರ’. ಅಕ್ಷರ ಕಲಿಸಲು ನಾವು ಬಿ.ಎಡ್.ನಲ್ಲಿ ಓದಿದ ಪದ್ಧತಿಗಳಲ್ಲಿ ಇದಕ್ಕಿಂತ ಒಳ್ಳೆಯದು ಇರಲಿಲ್ಲ.

ಮೊದಲ ರಾತ್ರಿ ನಿರ್ಮಲದಲ್ಲಿ ತಂಗಿ, ಮರುದಿನ ಮಧ್ಯಾಹ್ನದೊಳಗೆ ಹಿಂಗಣಘಾಟ್ ಮುಟ್ಟಿದೆವು. ವಾರ್ಧಾ ಜಿಲ್ಲೆಯ ಊರು. ಇಲ್ಲಿ ಕಾರು ನಿಲ್ಲಿಸಿ ಎಂದು ನಾನು ಹಟ ಹಿಡಿದೆ. 1823ರ ಜನವರಿ 20ರಂದು ವಿಲಿಯಂ ಲ್ಯಾಂಬ್ಟನ್ ತೀರಿಕೊಂಡದ್ದು ಇಲ್ಲಿ, ನಾಗಪುರಕ್ಕೆ ಹೋಗುವ ದಾರಿಯಲ್ಲಿ. ಈ ಮನುಷ್ಯ ನಮಗೆ ಪರಕೀಯನಲ್ಲ. ಇಡೀ ಭಾರತವನ್ನು ತ್ರಿಕೋನಗಳಲ್ಲಿ ಅಳೆಯುವ ಕೆಲಸಕ್ಕೆ ಅವನು ಮೊದಲು ಕೈಹಾಕಿದ್ದು 1800ರಲ್ಲಿ ಬೆಂಗಳೂರಿನ ಹತ್ತಿರ. ಸುಮಾರು ಏಳೂವರೆ ಮೈಲಿ ಉದ್ದದ ನೇರ ಗೆರೆಯೊಂದನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಆ ಸರಪಳಿ ಚೀನಾದ ಚಕ್ರವರ್ತಿಗೆಂದು ಹೋಗಿ, ಅಲ್ಲಿ ಬೇಡವಾಗಿ ಹಿಂದಿರುಗಿದ್ದಂತೆ. ಆಮೇಲೆ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಹೊಸ ಗೆರೆ. ಒಂದು ಗೆರೆಯ ಉದ್ದ, ಎರಡು ಕೋನಗಳು ಗೊತ್ತಾದರೆ ದೂರದ ಗುಡ್ಡ ಎಲ್ಲಿದೆ ಎಂದು ನಡೆಯದೆಯೇ ಹೇಳಬಹುದು. ಆ ಗುಡ್ಡದಿಂದ ಮುಂದಿನ ಗುಡ್ಡಕ್ಕೆ. ಹೀಗೆ ಅಳೆಯುತ್ತ ಅಳೆಯುತ್ತ ಇಪ್ಪತ್ತು ವರ್ಷಕ್ಕೂ ಮೇಲೆ ನಡೆದು ಹಿಂಗಣಘಾಟಿನಲ್ಲಿ ಸತ್ತ. ಅವನ ಸಮಾಧಿ ಎಲ್ಲಿದೆ ಎಂದು ಚಹದಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ ಕೇಳಿದೆವು. ನಮ್ಮ ಹಿಂದಿ ಅವರಿಗೆ ತಿಳಿಯಿತೋ ಇಲ್ಲವೋ. ಒಬ್ಬರು ಚರ್ಚಿನ ದಾರಿ ತೋರಿಸಿದರು, ಇನ್ನೊಬ್ಬರು ದರ್ಗಾದ ದಾರಿ. ಯಜಮಾನರು ಗಡಿಯಾರ ನೋಡತೊಡಗಿದರು. ನಾನು ನೋಡದೆಯೇ ಕಾರು ಹತ್ತಿದೆ. ಆ ಬೇಸರ ಇನ್ನೂ ಇದೆ.

ನಾಗಪುರ ದಾಟಿ ಪೆಂಚ್ ಕಾಡು ಬಂತು. ಅಲ್ಲಿ ರಸ್ತೆಯನ್ನೇ ಎತ್ತರಕ್ಕೇರಿಸಿ, ಕೆಳಗೆ ಹುಲಿ ಜಿಂಕೆಗಳಿಗೆ ದಾರಿ ಬಿಟ್ಟಿದ್ದಾರೆ. ಕಾಡಿನ ನಡುವೆ ಫೋನಿನ ಸಿಗ್ನಲ್ ಹೋಯಿತು. ಆದರೆ ನಕ್ಷೆಯ ಮೇಲೆ ನಮ್ಮ ಚುಕ್ಕಿ ಮಾತ್ರ ಸರಿಯುತ್ತಲೇ ಇತ್ತು. ಇದು ಹೇಗೆಂದು ನಾನು ಅಳಿಯನನ್ನು ಕೇಳಿದೆ. ಅವನು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ, ಏಕೆಂದರೆ ಮುಂದಿನ ಕಥೆಗೆ ಇದು ಬೇಕು. ದಾರಿ ತೋರಿಸುವುದು ಒಂದು, ಸುದ್ದಿ ಮುಟ್ಟಿಸುವುದು ಇನ್ನೊಂದು. ಒಂದೇ ಫೋನಿನಲ್ಲಿ ಇರುವುದರಿಂದ ನಮಗೆ ಒಂದೇ ಎನ್ನಿಸುತ್ತದೆ. ದಾರಿ ಬರುವುದು ಆಕಾಶದಿಂದ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ತಮ್ಮೊಳಗಿನ ಪರಮಾಣು ಗಡಿಯಾರ ನೋಡಿಕೊಂಡು, “ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು” ಎಂದು ಸದಾ ಕೂಗುತ್ತಿರುತ್ತವೆ. ಆ ಕೂಗು ಬಂದು ಮುಟ್ಟಲು ಎಷ್ಟು ಹೊತ್ತಾಯಿತು ಎಂಬುದರಿಂದ ಫೋನು ದೂರ ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ಕೂಗು ಕೇಳಿದರೆ ತಾನೆಲ್ಲಿದ್ದೇನೆಂದು ಅದಕ್ಕೆ ತಿಳಿಯುತ್ತದೆ. ನನಗೆ ಲ್ಯಾಂಬ್ಟನ್ನನ ಗುಡ್ಡಗಳೂ ನಮ್ಮ ಕೂಗಳತೆಯೂ ಒಟ್ಟಿಗೇ ನೆನಪಾದವು. ಇದು ಮೂಲದಲ್ಲಿ ಅಮೆರಿಕದ ಸೇನೆಯ ಸಾಧನ. 2000ದ ಮೇ ಆರಂಭದವರೆಗೂ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿದ್ದರು. ಈಗ ನಮ್ಮದೇ ನಾವಿಕ್ ಉಪಗ್ರಹಗಳಿವೆ. ಅವುಗಳ ಕೇಂದ್ರ 2013ರಿಂದ ಬೆಂಗಳೂರಿನ ಪಕ್ಕದ ಬ್ಯಾಲಾಳಿನಲ್ಲಿದೆ. ಇರಲಿ. ಮುಖ್ಯ ಸಂಗತಿ ಏನೆಂದರೆ, ಫೋನು ಈ ಕೂಗನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ಉಪಗ್ರಹಕ್ಕೆ ಓಗೊಡುವುದಿಲ್ಲ. ನಾವೆಲ್ಲಿದ್ದೇವೆಂದು ಅವ್ವನಿಗೆ ಹೇಳಬೇಕಾದರೆ ಪಕ್ಕದ ಹೊಲದಲ್ಲಿನ ಟವರೇ ಬೇಕು.

9ರ ಭಾನುವಾರ ನಸುಕಿನಲ್ಲಿ ಜಬಲ್ಪುರ ಬಿಟ್ಟೆವು. ಒಂದು ಗಂಟೆಯೊಳಗೆ ಕಾರುಗಳ ಸಾಲು ನಿಂತಿತು. ನಿಂತದ್ದು ನಿಂತೇ ಇತ್ತು. ಆ ದಿನ ಮತ್ತು ಮರುದಿನ ಜಬಲ್ಪುರ, ಕಟನಿ, ಮೈಹರ್, ರೀವಾ, ಎಲ್ಲ ಕಡೆ ಪ್ರಯಾಗದ ದಿಕ್ಕಿನ ವಾಹನಗಳನ್ನು ಪೊಲೀಸರು ತಡೆದು ಹಿಂದಕ್ಕೆ ಹೋಗಿ ಎಂದು ಮೈಕಿನಲ್ಲಿ ಹೇಳುತ್ತಿದ್ದರು ಎನ್ನುವುದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಫೋನಿನ ನಕ್ಷೆ ಎಡಕ್ಕೊಂದು ಹಳ್ಳಿಯ ದಾರಿ ತೋರಿಸಿತು. ಮಗಳು ಉತ್ಸಾಹದಿಂದ ತಿರುಗಿಸಿದಳು. ಗೋಧಿ ಹೊಲಗಳ ನಡುವೆ ಎರಡು ಮೈಲಿ ಹೋದೆವೋ ಇಲ್ಲವೋ, ಎದುರಿಗೆ ಮತ್ತೆ ಕಾರುಗಳ ಸಾಲು. ಅದೇ ಉಪಾಯವನ್ನು ಎಲ್ಲರ ಫೋನುಗಳೂ ಎಲ್ಲರಿಗೂ ಹೇಳಿದ್ದವು. ಹಿಂದೆ ತಿರುಗಲು ಜಾಗವಿಲ್ಲ. ಅಷ್ಟು ಜನ ಒಂದೇ ಟವರಿಗೆ ಜೋತುಬಿದ್ದು ಫೋನುಗಳೂ ಮೂಕವಾದವು. ನನ್ನ ಕೈಯಲ್ಲಿ ನಕ್ಷೆ ತೆರೆದೇ ಇತ್ತು. ಚುಕ್ಕಿಯ ಪಕ್ಕದಲ್ಲಿ ಊರಿನ ಹೆಸರು ಸಿಹೋರಾ.

ಮಧ್ಯಾಹ್ನ ಆ ಹಳ್ಳಿಯ ಹೆಂಗಸರು ಕೊಡಗಳಲ್ಲಿ ನೀರು ತಂದರು. ಸಂಜೆಗೆ ದೊಡ್ಡ ಪಾತ್ರೆಯಲ್ಲಿ ಖಿಚಡಿ ಬಂತು. ಹಣ ಕೊಡಲು ಹೋದರೆ ಕೈ ಹಿಂದಕ್ಕೆಳೆದುಕೊಂಡರು. ಪಾತ್ರೆ ಹೊತ್ತು ತಂದಿದ್ದ ಹಿರಿಯರೊಬ್ಬರಿಗೆ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಹೆದ್ದಾರಿಯ ಮೇಲೆ ಮೊದಲು ಒಬ್ಬ ಸರ್ದಾರ್ಜಿಯ ಢಾಬಾ ಇತ್ತಲ್ಲ, 84ಕ್ಕಿಂತ ಮುಂಚೆ? ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆ ರಸ್ತೆಯೇ ಈಗ ಇಲ್ಲ, ನಾಲ್ಕು ಸಾಲಿನ ರಸ್ತೆ ಮಾಡುವಾಗ ಹಳೆಯದೆಲ್ಲ ಹೋಯಿತು ಎಂದರು. ಸರ್ದಾರ್ಜಿಯ ಬಗ್ಗೆ ಏನೂ ಹೇಳಲಿಲ್ಲ. ಗೊತ್ತಿರಲಿಲ್ಲವೋ, ಹೇಳಲು ಮನಸ್ಸಿರಲಿಲ್ಲವೋ. ನಾನೂ ಎರಡನೆಯ ಸಲ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಪೊಲೀಸರು ದಾರಿ ಬಿಡಿಸಿ ಹಿಂದಕ್ಕೆ ಕಳಿಸಿದರು. ವೀರಸ್ವಾಮಿಯವರು ಪಲ್ಲಕ್ಕಿಯಲ್ಲಿ ಮುಟ್ಟಿದ ಪ್ರಯಾಗವನ್ನು ನಾವು ಇಷ್ಟೆಲ್ಲ ಉಪಗ್ರಹಗಳ ಸಹಾಯದಿಂದ ಮುಟ್ಟಲಾಗಲಿಲ್ಲ. ಜಬಲ್ಪುರದ ಗ್ವಾರಿಘಾಟಿನಲ್ಲಿ ನರ್ಮದೆಗೇ ಕೈಮುಗಿದು ಮಿಂದೆವು. ಮುಖ್ಯೋಪಾಧ್ಯಾಯರಿಗೂ ಅದೇ ನೀರು. ಅವರು ಗಂಗೆಯೆಂದೇ ಇಸಿದುಕೊಂಡರು, ನಾನೂ ತಿದ್ದಲಿಲ್ಲ.

ಸಿಗ್ನಲ್ ಬಂದ ಕೂಡಲೇ ಫೋನಿನಲ್ಲಿ ಚನ್ನಗಿರಿಯ ನಲವತ್ತು ಕರೆಗಳು ಬಿದ್ದಿದ್ದವು. ತಮ್ಮ ಅಳುವ ದನಿಯಲ್ಲಿದ್ದ. ಭಾನುವಾರ ಬೆಳಿಗ್ಗೆ ಚುಕ್ಕಿ ಒಂದು ಕಡೆ ನಿಂತಿತು. ಮಧ್ಯಾಹ್ನದ ಮೇಲೆ ಎಂಟು ಗಂಟೆಯ ಗಡುವು ಮುಗಿದು ಅದೂ ಮಾಯವಾಯಿತು. ಅವ್ವ ಆ ಊರಿನ ಹೆಸರೇನೆಂದು ಮೊಮ್ಮಗಳನ್ನು ಕೇಳಿದ್ದಾಳೆ. ಮಗು ಸಿಹೋರಾ ಎಂದು ಓದಿದೆ. ಅಲ್ಲಿಂದ ಮುಂದೆ ಅವ್ವ ನೀರೂ ಮುಟ್ಟಿಲ್ಲ, ಬಾಗಿಲು ಬಿಟ್ಟು ಎದ್ದಿಲ್ಲ.

ಊರಿಗೆ ಮರಳಿದ ಮೇಲೆ ಚನ್ನಗಿರಿಗೆ ಹೋದೆ. ಅವ್ವನ ಪಕ್ಕ ಕೂತು, “ಆಗ ಹತ್ತು ದಿನ ತಡ್ಕೊಂಡಿದ್ದೆ, ಈಗ ಒಂದು ದಿನಕ್ಕೆ ಹಿಂಗ್ ಮಾಡಿದೆಯಲ್ಲವ್ವಾ” ಎಂದೆ.

“ಆಗ ಯಾರನ್ನ ಕೇಳ್ತಿದ್ದೆ? ಅಡಿಗೆ ಮಾಡ್ತಿದ್ದೆ, ಮಲಗ್ತಿದ್ದೆ. ಇದಾದರೆ ಚುಕ್ಕಿ ಕೊಡ್ತದೆ, ಕೊಟ್ಟು ಕಿತ್ಕೊಳ್ತದೆ. ಹೆಂಗ್ ಮಲಗೋದು?”

ತರಗತಿಯಲ್ಲಿ ನಾನು ಮಕ್ಕಳಿಗೆ ಹೇಳಿದ್ದ ಮಾತನ್ನೇ ಅವಳು ಹೇಳುತ್ತಿದ್ದಳು. ಆದರೆ ಅದು ನಿಜವಲ್ಲ. ಅವ್ವ ಆ ಹತ್ತು ರಾತ್ರಿ ಮಲಗಿರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿ ಕಂಬಳಿಯ ಸಂದಿಯಿಂದ ನೋಡಿದ್ದಾಳೆ. ದೀಪ ಸಣ್ಣದು ಮಾಡಿ, ಇದೇ ಬಾಗಿಲಿಗೆ ಬೆನ್ನು ಕೊಟ್ಟು, ರಸ್ತೆಯಲ್ಲಿ ಯಾವ ಲಾರಿ ಹೋದರೂ ತಲೆ ಎತ್ತುತ್ತ ಅವಳು ಕೂತಿದ್ದಳು. ನಮ್ಮನ್ನು ಎಬ್ಬಿಸಬಾರದೆಂದು ಕೆಮ್ಮನ್ನೂ ಸೆರಗಿನಲ್ಲಿ ಮುಚ್ಚುತ್ತಿದ್ದಳು. ನಲವತ್ತು ವರ್ಷ ಕಳೆದ ಮೇಲೆ ಅವಳಿಗೆ ತಾನು ಮಲಗಿದ್ದೆ ಎನ್ನಿಸುತ್ತಿದೆ. ನಾನು ಎದುರು ಮಾತಾಡಲಿಲ್ಲ. ಶಾಲೆಯಲ್ಲಿ ಮಾತ್ರ ಆ ತಾಳ್ಮೆಯ ಪಾಠವನ್ನು ಬಿಟ್ಟುಬಿಟ್ಟಿದ್ದೇನೆ.

ಚೀಲದಿಂದ ಅಪ್ಪನ ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟೆ. ಅದನ್ನು ತಿರುವಿ ಹಾಕಿ, ಓದು ಬಾರದಿದ್ದರೂ ಆ ಹಾಳೆಯಲ್ಲೇ ಬೆರಳಿಟ್ಟಳು. ಗೆರೆ ಇಲ್ಲದ ಸಾಲು ಅದೊಂದೇ ಆದ್ದರಿಂದ ಗುರುತು ಸಿಗುತ್ತದೆ.

“ಆ ಸರ್ದಾರ್ಜಿಯವರು ಯಾರಾದರೂ ಸಿಕ್ಕರೇನೇ?”

“ಇಲ್ಲವ್ವಾ. ರಸ್ತೆಯೇ ಬೇರೆ ಆಗಿದೆ.”

“ಹಂಗಾದ್ರೆ ಇರ್ಲಿ” ಎಂದು ಪುಸ್ತಕವನ್ನು ಸೆರಗಿನಲ್ಲಿ ಒರೆಸಿ, ಮೊದಲಿದ್ದ ಟ್ರಂಕಿನಲ್ಲಿ ಖಾಕಿ ಅಂಗಿಗಳ ಕೆಳಗೆ ಇಟ್ಟಳು.